ಅಡಿಕೆ ತೋಟದ ಮನೇಲಿ ಕೂತು ತಿಮಿಂಗಿಲ ಕೇಳಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡ್ತೀನಿ, ಈ ಕೆಲಸದಲ್ಲಿ ನಾನು ಪೂರ್ತಿ ಮೂರು ತಿಂಗಳು ಹಾಳು ಮಾಡ್ಕೊಂಡೆ, ಅದೂ ಎಂಜಿನಿಯರಿಂಗಲ್ಲಿ ಬಾಯಿಪಾಠ ಮಾಡಿದ ಒಂದು ವಿಷಯ ಮರೆತು. ಅದು ಹೇಗಾಯ್ತು ಅಂತ ಆಮೇಲೆ ಬರ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರೋಡಲ್ಲಿ ಸ್ವಲ್ಪ ಒಳಗೆ ತಿರುಗಿದ್ರೆ ನಮ್ಮನೆ, ಮುಂದೆ ತೋಟ, ಹಿಂದೆ ಗುಡ್ಡ, ಸಮುದ್ರ ನೋಡ್ಬೇಕಂದ್ರೆ ಘಾಟಿ ಇಳೀಬೇಕು. ಇಂಥಾ ಕಡೆ ಒಬ್ಬ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ತಿಮಿಂಗಿಲದ ಶಬ್ದ ಕೇಳ್ತಾ ಕೂತಿದ್ದಾನೆ ಅಂದ್ರೆ ಊರವರು ಎಂಥ ಅಂದ್ಕೋಬೇಕು ಹೇಳಿ. ಸೊಸೈಟಿ ಹತ್ರ ಸಿಕ್ಕಿದ ಹಿರಿಯರೊಬ್ರು ಸುತ್ತುಬಳಸಿ ಮಾತಾಡಲೇ ಇಲ್ಲ, "ಅಲ್ಲ ಮಾರಾಯ, ಆ ತಿಮಿಂಗಿಲದ ವಾಂತಿ ಇದ್ಯಲ್ಲ, ಕೆಜಿಗೆ ಎಷ್ಟಂತೆ ಈಗ?" ಅಂದ್ರು. ಪೇಪರಲ್ಲಿ ತಿಂಗಳಿಗೊಂದು ಸಲ ಆ ಸುದ್ದಿ ಬರ್ತದಲ್ಲ, ಕರಾವಳೀಲಿ ಅಂಬರ್‌ಗ್ರೀಸ್ ಹಿಡಿದ್ರು, ಕೋಟಿ ಬೆಲೆ ಅಂತೆಲ್ಲ. ಅದು ವಾಂತಿನೂ ಅಲ್ಲ, ಸ್ಪರ್ಮ್ ವೇಲ್ ಅನ್ನೋ ದೊಡ್ಡ ತಲೆಯ ತಿಮಿಂಗಿಲದ ಕರುಳಲ್ಲಿ ಆಗೋ ಗಟ್ಟಿ, ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ನಂಗೆ ಸಿಗೋದು ಬರೀ ಅದರ ಶಬ್ದ, ಅದಕ್ಕೆ ಮಾರ್ಕೆಟ್ಟಲ್ಲಿ ರೇಟಿಲ್ಲ ಅಂತ ಹೇಳಿದೆ. ಅವರಿಗೆ ಆಸಕ್ತಿ ಹೋಯ್ತು.

ನಾನು ಬೆಂಗಳೂರಲ್ಲಿ ಆಡಿಯೋ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದವನು, 2020ರ ಲಾಕ್‌ಡೌನಲ್ಲಿ ಬ್ಯಾಗ್ ಹಿಡ್ಕೊಂಡು ಬಂದೋನು ವಾಪಸ್ ಹೋಗಲಿಲ್ಲ. ಈ ಹುಚ್ಚು ಹತ್ತಿದ್ದು ಬಾವಲಿಯಿಂದ. ತೋಟದಲ್ಲಿ ರಾತ್ರಿ ಹುಳ ಹಿಡಿಯೋ ಸಣ್ಣ ಬಾವಲಿ ಇರ್ತಾವಲ್ಲ, ಅವು ಕೂಗೋದು ನಮ್ಮ ಕಿವಿಗೆ ಕೇಳೋದಿಲ್ಲ, ಆದ್ರೆ ಆಡಿಯೋಮಾತ್ ಅಂತ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡ್ ಬರ್ತದೆ, ಅದನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಡಿಕೆ ಮರಕ್ಕೆ ಕಟ್ಟಿ ಬೆಳಿಗ್ಗೆ ತಂದು ಹತ್ತು ಪಟ್ಟು ನಿಧಾನ ಮಾಡಿ ಕೇಳಿದ್ರೆ ಆಹಾ. ಹುಳ ಹುಡುಕ್ತಾ ಹೋಗುವಾಗ ನಿಧಾನಕ್ಕೆ ಟಿಕ್, ಟಿಕ್, ಹುಳ ಹತ್ರ ಬಂದ ಹಾಗೆ ಟಿಕ್‌ಟಿಕ್‌ಟಿಕ್, ಕೊನೆಗೆ ಬಾಯಿ ಹಾಕೋ ಕ್ಷಣದಲ್ಲಿ ಜ್ರ್ರ್ ಅಂತ ಒಂದೇ ಎಳೆ. ಅದಕ್ಕೆ ಫೀಡಿಂಗ್ ಬಝ್ ಅಂತಾರೆ. ಈ ಜ್ರ್ರ್ ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

ಆಮೇಲೆ ನೀರೊಳಗೆ ಎಂಥ ಕೇಳ್ತದೆ ನೋಡಾಣ ಅಂತ ಹೈಡ್ರೋಫೋನ್, ಅಂದ್ರೆ ನೀರೊಳಗಿನ ಮೈಕ್, ನಾನೇ ಮಾಡಿದೆ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಬಝರಿಗೆ ಹಾಕೋ ಪೀಜೋ ಬಿಲ್ಲೆ ಸಿಗ್ತದೆ, ಹತ್ತು ಇಪ್ಪತ್ತು ರೂಪಾಯಿ ಅಷ್ಟೇ. ಅದಕ್ಕೆ ಶೀಲ್ಡ್ ವಯರ್ ಬೆಸುಗೆ ಹಾಕಿ ಮೇಲೆ ಅರಲ್ಡೈಟ್ ಬಳಿದು ಒಣಗಿಸಿ ತೋಟದ ಕೆರೆಗೆ ಇಳಿಬಿಟ್ಟೆ. ಮೊದಲ ಸಲ ಕೇಳಿದ್ದು ಪಕ್ಕದ ತೋಟದ ಪಂಪ್‌ಸೆಟ್ಟಿನ ಗುಂಯ್. ಅಷ್ಟು ಬಿಟ್ರೆ ಏನೂ ಇಲ್ಲ. ಪೀಜೋವನ್ನ ನೇರ ರೆಕಾರ್ಡರಿಗೆ ಚುಚ್ಚಿದ್ರೆ ದಪ್ಪ ಶಬ್ದ ಎಲ್ಲ ಸತ್ತು ಹೋಗ್ತದೆ, ನಡುವೆ ಸಿಗ್ನಲ್ ಬಲ ಮಾಡೋ ಒಂದು ಸಣ್ಣ ಪ್ರಿಆಂಪ್ ಬೇಕು, ಅದು ಗೊತ್ತಾಗೋಕೆ ಒಂದು ವಾರ ಹೋಯ್ತು. ಇನ್ನೊಂದು ವಾರ ವಯರಿನ ಬುಡದಲ್ಲಿ ನೀರು ಜಿನುಗಿ ಚರಪರ ಚರಪರ. ಅಂತೂ ಸರಿಯಾದ ಮೇಲೆ ರಾತ್ರಿ ಹತ್ತು ಗಂಟೆಗೆ ಪಂಪು ನಿಂತಾಗ ಕೇಳಿದ್ರೆ ಕೆರೆ ತುಂಬಾ ಕಿರಕಿರ, ನೀರಿನ ಹುಳಗಳು ಮೈ ಉಜ್ಜಿ ಮಾಡೋ ಶಬ್ದ ಅದು. ನಲವತ್ತು ವರ್ಷ ಅದೇ ಕೆರೆ ಪಕ್ಕ ಓಡಾಡಿದ್ದೀನಿ, ಒಂದು ದಿನ ಗೊತ್ತಿರಲಿಲ್ಲ. ತುಂಗೆಗೂ ಹಾಕಿ ನೋಡಿದೆ, ಚಿಬ್ಬಲಗುಡ್ಡೆ ಮತ್ಸ್ಯಧಾಮದ ಹತ್ರ ಮಾತ್ರ ಹಾಕಲಿಲ್ಲ, ದೇವರ ಮೀನು ಅಂತ ಜನ ಕಾಪಾಡ್ಕೊಂಡು ಬಂದಿರೋ ಜಾಗ, ಅಲ್ಲಿ ಹೋಗಿ ನನ್ನ ವಯರು ಅರಲ್ಡೈಟು ಯಾಕೆ.

ಹಾಗೆ ಒಂದಿನ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋದೆ. ಪರಿಚಯದವರ ದೋಣೀಲಿ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಹತ್ರ ಎಂಜಿನ್ ಆಫ್ ಮಾಡ್ಸಿ ಹೈಡ್ರೋಫೋನ್ ಇಳಿಸಿದ್ರೆ ಕಿವಿ ತುಂಬ ಒಗ್ಗರಣೆ. ನಿಜವಾಗ್ಲೂ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಚಟಪಟ, ನಿಲ್ಲೋದೇ ಇಲ್ಲ. ನನ್ನ ವಯರು ಮತ್ತೆ ಕೆಟ್ಟಿತು ಅಂತ ಎರಡು ಸಲ ಎಳೆದು ನೋಡಿದೆ. ವಯರಿಗೆ ಏನೂ ಆಗಿರಲಿಲ್ಲ, ಅದು ಸ್ನ್ಯಾಪಿಂಗ್ ಶ್ರಿಂಪ್, ಬೆರಳುದ್ದದ ಸಿಗಡಿ, ಒಂದು ಕೊಂಡಿ ಎಷ್ಟು ಬೇಗ ಮುಚ್ಚುತ್ತದೆ ಅಂದ್ರೆ ನೀರಲ್ಲಿ ಗುಳ್ಳೆ ಎದ್ದು ಒಡೆದು ಪಟ್ ಅಂತದೆ. ಬೆಚ್ಚಗಿನ ದಡದ ನೀರಲ್ಲೆಲ್ಲ ಇದೇ ಗಲಾಟೆ. ದೋಣಿಯವರು "ತಿಮಿಂಗಿಲ ಇಲ್ಲಿ ಎಲ್ಲಿ ಬರ್ತದೆ ಸರ್, ಅದಕ್ಕೆ ತುಂಬಾ ಹೊರಗೆ ಹೋಗ್ಬೇಕು" ಅಂದ್ರು, ಸರಿಯಾಗೇ ಹೇಳಿದ್ರು. ಪಶ್ಚಿಮ ಕರಾವಳಿ ಎದುರು ಸಮುದ್ರ ಬಹಳ ದೂರದವರೆಗೆ ಆಳ ಇಲ್ಲದ ಬಯಲು. ಆಳಕ್ಕೆ ಮುಳುಗೋ ಜಾತಿಗಳಿಗೆ ನೂರಾರು ಮೀಟರ್ ಕೆಳಗಿನ ಕತ್ತಲೆ ಬೇಕು, ಅವು ತಿನ್ನೋ ಸ್ಕ್ವಿಡ್ ಅನ್ನೋ ಮೆತ್ತನೆ ಪ್ರಾಣಿ ಅಲ್ಲೇ ಇರೋದು. ಶ್ರೀಲಂಕಾದ ಟ್ರಿಂಕೋಮಲಿ ಹತ್ರ ಆದ್ರೆ ಬಂದರಿನ ಬುಡಕ್ಕೇ ಸಮುದ್ರದೊಳಗಿನ ಕಣಿವೆ ಬಂದಿದೆ, ಅಲ್ಲಿ ಸ್ಪರ್ಮ್ ವೇಲ್ ದಡದಿಂದ ದೂರ ಇರೋದಿಲ್ಲ. ನಮ್ಮ ಕಡೆಯಿಂದ ಬೋಟ್ ಮಾಡ್ಕೊಂಡು ಲಕ್ಷದ್ವೀಪದ ಕಡೆ ಹೋಗೋಕೆ ನನ್ನ ಹತ್ರ ಅಡಿಕೆ ಎಷ್ಟಿದ್ರೂ ಸಾಲದು.

ಹಾಗಾದ್ರೆ ಬೇರೆಯವರು ಇಳಿಸಿದ ಮೈಕ್ ಕೇಳಾಣ ಅಂತ ಹುಡುಕಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರಿ ಕೊಲ್ಲಿ ಅಂತ ಇದೆ, ಅಲ್ಲಿ ಎಂಬಾರಿ ಅನ್ನೋ ಸಂಶೋಧನಾ ಸಂಸ್ಥೆ, ಎಚ್‌ಪಿ ಕಂಪನಿ ಕಟ್ಟಿದವರಲ್ಲಿ ಒಬ್ರಾದ ಡೇವಿಡ್ ಪ್ಯಾಕರ್ಡ್ 1987ರಲ್ಲಿ ಶುರು ಮಾಡಿದ್ದು. ಅವರು ದಡದಿಂದ 52 ಕಿಲೋಮೀಟರ್ ಕೇಬಲ್ ಎಳೆದು ಸಮುದ್ರದ ತಳದಲ್ಲಿ 891 ಮೀಟರ್ ಆಳಕ್ಕೆ ಒಂದು ಸ್ಟೇಷನ್ ಕೂರಿಸಿದ್ದಾರೆ, 2015ರ ಜುಲೈನಿಂದ ಅದಕ್ಕೊಂದು ಹೈಡ್ರೋಫೋನ್ ಸೇರಿಸಿದ್ದಾರೆ, ಹಗಲು ರಾತ್ರಿ ರೆಕಾರ್ಡಿಂಗ್. ಅದನ್ನ ಬೀರುವಲ್ಲಿ ಇಟ್ಟು ಬೀಗ ಹಾಕದೆ ಅಮೆಜಾನ್ ಸರ್ವರಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ, ಅಕೌಂಟೂ ಬೇಡ, ದುಡ್ಡೂ ಬೇಡ. ಇದನ್ನ ಓದಿದ ದಿನ ನಂಗೆ ನಿದ್ದೆ ಬರಲಿಲ್ಲ.

ಆದ್ರೆ ಸೈಜ್ ನೋಡಿ. ಸೆಕೆಂಡಿಗೆ 2,56,000 ಸ್ಯಾಂಪಲ್ (ಶಬ್ದವನ್ನ ಅಷ್ಟು ಸಲ ಅಳೆಯೋದು), ಒಂದೊಂದೂ 24 ಬಿಟ್, ಹತ್ತು ನಿಮಿಷದ ಒಂದು ಫೈಲಿಗೆ 460 ಎಂಬಿ. ದಿನಕ್ಕೆ 144 ಫೈಲ್, 66 ಜಿಬಿ. ನಮ್ಮೂರ ಇಂಟರ್ನೆಟ್ಟು, ಅದೂ ಮಳೆಗಾಲದಲ್ಲಿ, ಒಂದು ಹಲಸಿನ ಕೊಂಬೆ ಮುರಿದು ಕೇಬಲ್ ಮೇಲೆ ಬಿದ್ರೆ ನಾಲ್ಕು ದಿನ ಸತ್ತೇ ಹೋಗ್ತದೆ. ಅದಕ್ಕೆ ಅವರೇ ಸಣ್ಣ ಮಾಡಿ ಇಟ್ಟಿರೋ ಫೈಲ್ ಇದಾವೆ, 16 ಕಿಲೋಹರ್ಟ್ಸ್ ದರದ್ದು, ಅಂದ್ರೆ ಸೆಕೆಂಡಿಗೆ 16,000 ಸ್ಯಾಂಪಲ್, ಒಂದು ಪೂರ್ತಿ ದಿನ ನಾಲ್ಕು ಜಿಬಿ ಚಿಲ್ಲರೆ, ರಾತ್ರಿ ಮಲಗುವಾಗ ಹಾಕಿದ್ರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಇಳಿದಿರ್ತದೆ. ನಾನು ಅದನ್ನೇ ಹಿಡ್ಕೊಂಡೆ. ಇದು ಬುದ್ಧಿವಂತಿಕೆ ಅಂತಲೇ ಅಂದ್ಕೊಂಡಿದ್ದೆ ಆಗ.

ಮೊದಲ ಸಲ ಸ್ಪರ್ಮ್ ವೇಲ್ ಕೇಳಿದ್ದು ಆಷಾಢದ ಒಂದು ಮಧ್ಯಾಹ್ನ. ಹೊರಗೆ ಮಳೆ ಅಂದ್ರೆ ಮಳೆ, ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಹಾಗೂ ಇಲ್ಲ, ಸುಮ್ನೆ ಕೂತು ಫೈಲ್ ಓಡಿಸ್ತಾ ಇದ್ದೆ, ಹೆಡ್‌ಫೋನಲ್ಲಿ ಬರೀ ಸಮುದ್ರದ ಹೂಂ. ನಡುವೆ ಟಕ್. ಟಕ್. ಟಕ್. ಹೆಂಚಿಂದ ತಗಡಿನ ಮೇಲೆ ಹನಿ ಬೀಳ್ತಿದೆ ಅಂದ್ಕೊಂಡು ಹೆಡ್‌ಫೋನ್ ತೆಗೆದೆ, ಹೌದು, ಹನಿ ಬೀಳ್ತಿತ್ತು. ಮತ್ತೆ ಹಾಕ್ಕೊಂಡೆ, ಇಲ್ಲೂ ಟಕ್ ಟಕ್. ಎರಡೂ ಬೇರೆ ತಾಳ. ಸ್ಪೆಕ್ಟ್ರೋಗ್ರಾಮ್, ಅಂದ್ರೆ ಶಬ್ದದ ಚಿತ್ರ, ತೆಗೆದು ನೋಡಿದ್ರೆ ನೆಟ್ಟಗೆ ನಿಂತ ಗೆರೆಗಳು, ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ, ಸೆಕೆಂಡಿಗೆ ಒಂದೋ ಎರಡೋ. ಹಳೇ ಕಾಲದ ನಾವಿಕರು ಹಡಗಿನ ತಳದಿಂದ ಈ ಶಬ್ದ ಕೇಳಿ ಇದಕ್ಕೆ ಬಡಗಿ ಮೀನು ಅಂತಿದ್ರಂತೆ, ಸುತ್ತಿಗೆ ಹೊಡೆದ ಹಾಗೆ ಕೇಳೋದಕ್ಕೆ. ಶಬ್ದ ಮಾಡೋದು ಇದೇ ಪ್ರಾಣಿ ಅಂತ ವಿಜ್ಞಾನಿಗಳು ಬರೆದಿದ್ದು 1957ರಲ್ಲಿ, ಅಷ್ಟು ತಡ. ಪ್ರಾಣಿಗಳು ಮಾಡೋ ಶಬ್ದದಲ್ಲೆಲ್ಲ ಇದೇ ಅತಿ ಜೋರು, ತಲೆಯ ಎದುರಿಗೆ ಅಳೆದಾಗ 236 ಡೆಸಿಬೆಲ್ ತನಕ ಬಂದಿದೆ. (ನೀರಿನ ಡೆಸಿಬೆಲ್ಲೇ ಬೇರೆ, ಗಾಳಿಯ ಡೆಸಿಬೆಲ್ಲೇ ಬೇರೆ, ಲೆಕ್ಕದ ಬುಡ ಬೇರೆ. ಜೆಟ್ ವಿಮಾನದ ಜೊತೆ ಹೋಲಿಸಿ ವಾಟ್ಸಾಪಲ್ಲಿ ಬರೋದನ್ನ ನಂಬಬೇಡಿ.)

ಅದು ಮುಳುಗಿದ ಸ್ವಲ್ಪ ಹೊತ್ತಿಗೇ ಟಕ್ ಟಕ್ ಶುರು ಮಾಡ್ತದೆ, ಸುಮಾರು ಮುಕ್ಕಾಲು ಗಂಟೆ ಕೆಳಗಿರ್ತದೆ, ಮೇಲೆ ಬರೋ ಮುಂಚೆ ಸುಮ್ನಾಗ್ತದೆ, ಮೇಲೆ ಎಂಟು ಹತ್ತು ನಿಮಿಷ ಉಸಿರಾಡಿ ಮತ್ತೆ ಮುಳುಗ್ತದೆ. ಹಾಗಾಗಿ ಒಂದೇ ಪ್ರಾಣಿ ಇದ್ರೆ ದಿನದ ಫೈಲಲ್ಲಿ ಅದರ ಹಾಜರಿ ಪುಸ್ತಕವೇ ಸಿಕ್ಕಿದ ಹಾಗೆ, ಶಬ್ದ, ಖಾಲಿ, ಶಬ್ದ, ಖಾಲಿ. ನಡುನಡುವೆ ಟಕ್ ಟಕ್ ಹತ್ರ ಹತ್ರ ಆಗಿ ಜ್ರ್ರ್ ಅಂತದೆ, ಬಾಗಿಲು ಕಿರುಗುಟ್ಟಿದ ಹಾಗೆ. ಕೇಳಿದ ಕೂಡ್ಲೇ ಎದ್ದು ನಿಂತೆ. ನಮ್ಮ ತೋಟದ ಬಾವಲಿ! ಅದು ಕೆಲವೇ ಗ್ರಾಂ, ಇದು ಹತ್ತಾರು ಟನ್, ಆದ್ರೆ ಕತ್ತಲಲ್ಲಿ ಊಟ ಹುಡುಕೋ ಉಪಾಯ ಒಂದೇ. ಜ್ರ್ರ್ ಆದ ಮೇಲೆ ಒಂದು ಕ್ಷಣ ಸುಮ್ನಿರ್ತದೆ. ಸ್ಕ್ವಿಡ್ ಸಿಕ್ಕಿತೋ ತಪ್ಪಿತೋ, ಅದು ಶಬ್ದದಲ್ಲಿ ಗೊತ್ತಾಗೋದಿಲ್ಲ.

ಕಷ್ಟ ಶುರುವಾಗಿದ್ದು ಎರಡು ಮೂರು ಒಟ್ಟಿಗೆ ಇದ್ದಾಗ. ಈ ಟಕ್ ಟಕ್, ಅಂದ್ರೆ ಕ್ಲಿಕ್ಕುಗಳು, ಒಂದರೊಳಗೊಂದು ಕಲಸಿ ಹೋಗ್ತಾವೆ, ಯಾವುದು ಯಾರದ್ದು? ಪ್ಯಾಮ್‌ಗಾರ್ಡ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಇದೇ ಕೆಲಸಕ್ಕೆ ಮಾಡಿದ್ದು, ಅದು ಕ್ಲಿಕ್ ಹುಡುಕಿ ಕೊಡ್ತದೆ, ಆದ್ರೆ ಒಂದೇ ಹೈಡ್ರೋಫೋನ್ ಇದ್ದಾಗ ಯಾವ ದಿಕ್ಕಿಂದ ಬಂತು ಅಂತ ಅದಕ್ಕೂ ಹೇಳೋಕಾಗಲ್ಲ. ನಾನೇ ಪೈಥಾನಲ್ಲಿ ಎರಡು ಕ್ಲಿಕ್ ನಡುವಿನ ಅಂತರ ಲೆಕ್ಕ ಹಾಕಿ ಸಾಲು ಬೇರೆ ಮಾಡೋ ಸಣ್ಣ ಪ್ರೋಗ್ರಾಮ್ ಬರೆದೆ. ಒಂದು ಫೈಲಲ್ಲಿ ಅದು ಎರಡು ಪ್ರಾಣಿ ಅಂತ ತೋರಿಸ್ತು. ಒಂದು ಜೋರು, ಒಂದು ಮೆತ್ತಗೆ. ನಾನೂ ಪುಸ್ತಕದಲ್ಲಿ ಎರಡು ಅಂತ ಬರೆದೆ. ಹಾಗೇ ಇಪ್ಪತ್ತು ದಿನದ ಫೈಲು ಎಣಿಸಿದೆ.

ಅಷ್ಟರಲ್ಲಿ ಸುಗ್ಗಿ ಬಂತು, ಅಂಗಳದಲ್ಲಿ ಚಪ್ಪರ ಹಾಕಿ ಅಡಿಕೆ ಸುಲಿಯೋದು ಶುರುವಾಯ್ತು. ಸಂಜೆ ಮೇಲೆ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತ್ರೆ ಸಿಪ್ಪೆ ಬಿಡಿಸೋ ಕರಕ್, ಅಡಿಕೆ ಬುಟ್ಟಿಗೆ ಬೀಳೋ ಟಕ್, ರಾತ್ರಿ ತನಕ ಅದೇ. ಅಮ್ಮಂಗೆ ಕಣ್ಣಿನ ಆಪರೇಷನ್ ಆಗಿತ್ತು, ಒಳಗೆ ಮಲಗಿದ್ರು, ಮಲಗಿದ್ದಲ್ಲಿಂದಲೇ "ಮೇಲಿನ ಮನೆಯವಳು ಇವತ್ತು ನಿಧಾನ, ಹುಷಾರಿಲ್ವೇನೋ ಕೇಳು", "ಹೊಳೆ ಆಚೆಯವಳು ಎದ್ದು ಹೋದ್ಲಲ್ಲ, ಚಾ ಕೊಟ್ರಾ?" ಅಂತಿದ್ರು. ನಾನು ಹೋಗಿ ನೋಡಿದ್ರೆ ಹೌದು, ಸರಿ. ಎಂಟು ಕೈಯ ಶಬ್ದ ಕಲಸಿದ್ದರಲ್ಲಿ ಒಬ್ಬಳು ಎದ್ದಿದ್ದು ಹೇಗೆ ಗೊತ್ತಾಯ್ತು ಅಂದ್ರೆ, "ಎಂಥದೋ, ಒಬ್ಬೊಬ್ಬರ ಕೈ ಒಂದೊಂದು ಥರ ಇರ್ತದಪ್ಪ" ಅಂದ್ರು, ಅಷ್ಟೇ ವಿವರಣೆ.

ನಂಗೆ ಏನೋ ಹೊಳೀತು, ಲ್ಯಾಪ್‌ಟಾಪ್ ತಂದು ಅವರ ಕಿವಿಗೆ ಹೆಡ್‌ಫೋನ್ ಇಟ್ಟು ಆ ಎರಡು ತಿಮಿಂಗಿಲದ ಫೈಲ್ ಹಾಕಿದೆ. ಎಂಥ ಅಂತ ಹೇಳಲಿಲ್ಲ, ಎಷ್ಟು ಜನ ಸುಲೀತಿದ್ದಾರೆ ಹೇಳು ಅಂದೆ. ಎರಡು ನಿಮಿಷ ಕೇಳಿದ್ರು. "ಒಬ್ಬಳೇ." "ಅಲ್ಲಮ್ಮ, ಮೆತ್ತಗೆ ಇನ್ನೊಂದು ಕೇಳ್ತದಲ್ಲ?" "ಕೇಳ್ತದೆ, ಅದು ಅವಳದ್ದೇ. ಇವಳು ನಿಲ್ಸಿದ್ರೆ ಅದೂ ನಿಲ್ತದೆ, ಇವಳು ಗಡಿಬಿಡಿ ಮಾಡಿದ್ರೆ ಅದೂ ಗಡಿಬಿಡಿ. ಬಾವಿ ಹತ್ರ ಬಟ್ಟೆ ಒಗೆದ್ರೆ ಗುಡ್ಡದಿಂದ ವಾಪಸ್ ಕೇಳಲ್ವಾ, ಹಾಗೆ."

ಎಕೋ. ಮಾರಾಯ್ರೆ, ಎಕೋ! ಕ್ಲಿಕ್ಕು ನೇರ ಹೈಡ್ರೋಫೋನಿಗೂ ಬರ್ತದೆ, ಮೇಲಕ್ಕೆ ಹೋಗಿ ನೀರಿನ ಮೇಲ್ಮೈಗೆ ಬಡಿದು ವಾಪಸ್ ಇಳಿದೂ ಬರ್ತದೆ, ಎರಡನೇದು ತಡ. ನಾನು ಒಂದು ಪ್ರಾಣಿಯನ್ನ ಎರಡು ಅಂತ ಇಪ್ಪತ್ತು ದಿನ ಎಣಿಸಿದ್ದೆ. ಎಲ್ಲ ಗೀಚಿ ಹಾಕಿ ಮೊದಲಿಂದ ಶುರು ಮಾಡಿದೆ, ಈ ಸಲ ಎರಡು ಸಾಲಿನ ಅಂತರ ಒಂದೇ ಸಮ ಇದೆಯಾ, ಇಬ್ಬರೂ ಒಟ್ಟಿಗೇ ನಿಲ್ತಾರಾ ಅಂತ ಪರೀಕ್ಷೆ ಸೇರಿಸಿ. ಪ್ರೋಗ್ರಾಮಲ್ಲಿ ಆ ಫಂಕ್ಷನ್ನಿಗೆ ಹೆಸರು 'ಅಮ್ಮ' ಅಂತಲೇ ಇಟ್ಟಿದ್ದೀನಿ.

ತಮಾಷೆ ಅಂದ್ರೆ ತಲೆನೋವಾಗಿದ್ದ ಎಕೋನೇ ಆಮೇಲೆ ಉಪಕಾರಕ್ಕೆ ಬಂತು. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡ್ತದೆ, ಎಕೋ 0.3 ಸೆಕೆಂಡ್ ತಡ ಅಂದ್ರೆ ಅದು 450 ಮೀಟರ್ ಹೆಚ್ಚು ದಾರಿ ನಡೆದಿದೆ. ಪ್ರಾಣಿ ಮೇಲ್ಮೈ ಹತ್ರ ಇದ್ರೆ ಎರಡೂ ದಾರಿ ಹೆಚ್ಚುಕಮ್ಮಿ ಒಂದೇ, ಕೆಳಗಿಳಿದ ಹಾಗೆ ವ್ಯತ್ಯಾಸ ಜಾಸ್ತಿ ಆಗ್ತದೆ. ಆ ವ್ಯತ್ಯಾಸವನ್ನ ನಿಮಿಷಕ್ಕೊಂದು ಚುಕ್ಕಿ ಇಟ್ಟು ಗ್ರಾಫ್ ಎಳೆದ್ರೆ ಒಂದು ತಿಮಿಂಗಿಲ ಇಳಿಯೋದು ಕಣ್ಣಿಗೆ ಕಾಣ್ತದೆ. ಆದ್ರೆ ದೂರ ಹೋದ್ರೂ ವ್ಯತ್ಯಾಸ ಬದಲಾಗ್ತದೆ, ಒಂದೇ ಮೈಕಲ್ಲಿ ದೂರವೂ ಆಳವೂ ಎರಡೂ ಸಿಗಲ್ಲ, ಹಾಗಾಗಿ ಇಷ್ಟೇ ಮೀಟರ್ ಅಂತ ನಾನು ಎಲ್ಲೂ ಬರೆಯಲ್ಲ, ಇಳೀತಿದೆ ಅನ್ಸುತ್ತೆ ಅಂತ ಬರೀತೀನಿ.

ಉದ್ದ ಅಳೆಯೋದು ಇನ್ನೂ ಚಂದ. ಒಂದು ಕ್ಲಿಕ್ಕನ್ನ ದೊಡ್ಡದು ಮಾಡಿ ನೋಡಿದ್ರೆ ಅದು ಒಂದೇ ಪೆಟ್ಟಲ್ಲ, ಒಂದರ ಹಿಂದೆ ಒಂದು ಎರಡು ಮೂರು ಪೆಟ್ಟು, ಪ್ರತಿಯೊಂದು ಮೊದಲಿನದಕ್ಕಿಂತ ಮೆತ್ತಗೆ. ಶಬ್ದ ಆ ದೊಡ್ಡ ತಲೆಯೊಳಗೆ ಹಿಂದೆ ಮುಂದೆ ಬಡಿದಾಡಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಹೊರಗೆ ಬರೋದು. ತಲೆ ಉದ್ದ ಇದ್ದಷ್ಟು ಪೆಟ್ಟಿನ ನಡುವೆ ಸಮಯ ಜಾಸ್ತಿ, ತಲೆ ಗೊತ್ತಾದ್ರೆ ಮೈ ಗೊತ್ತಾದ ಹಾಗೆ. ಮೂರೂವರೆ ಮಿಲಿಸೆಕೆಂಡ್ ಇದ್ರೆ ಹತ್ತು ಮೀಟರ್ ಆಸುಪಾಸು, ಹೆಣ್ಣೋ ಇನ್ನೂ ಬೆಳೀತಿರೋ ಗಂಡೋ ಇರಬಹುದು, ಏಳು ಇದ್ರೆ ಹದಿನೈದು ಮೀಟರ್ ಹತ್ತಿರದ ದೊಡ್ಡ ಗಂಡು. ಪ್ರಾಣಿ ಮುಖ ಈ ಕಡೆ ನೇರ ಇದ್ದಾಗ, ಇಲ್ಲಾ ಬೆನ್ನು ಮಾಡಿದಾಗ ಮಾತ್ರ ಪೆಟ್ಟು ಸ್ಪಷ್ಟ ಬರ್ತದೆ, ಓರೆ ಇದ್ರೆ ಕಲಸುಮೇಲೋಗರ. ಸಾವಿರ ಕ್ಲಿಕ್ಕಲ್ಲಿ ಇಪ್ಪತ್ತು ಒಳ್ಳೇದು ಸಿಕ್ಕಿದ್ರೆ ಅವತ್ತು ಪಾಯಸ.

ಈಗ ಆ ಮೂರು ತಿಂಗಳ ವಿಷಯ.

ಸ್ಪರ್ಮ್ ವೇಲಿಗಿಂತ ಆಳಕ್ಕೆ ಹೋಗೋದು ಬೀಕ್ಡ್ ವೇಲ್, ಕೊಕ್ಕಿನ ಹಾಗೆ ಮೂತಿ ಇರೋ ಜಾತಿ. ಅದರಲ್ಲಿ ಕ್ಯೂವಿಯರ್ಸ್ ಅನ್ನೋದು 2992 ಮೀಟರ್ ಇಳಿದಿದ್ದು 2014ರಲ್ಲಿ ಪ್ರಕಟವಾಯ್ತು, ಅದೇ ಜಾತಿಯ ಇನ್ನೊಂದು 222 ನಿಮಿಷ ಉಸಿರು ಕಟ್ಟಿ ಕೆಳಗಿದ್ದಿದ್ದು 2020ರಲ್ಲಿ ಪ್ರಕಟವಾಯ್ತು, ಮೂರು ಗಂಟೆ ನಲವತ್ತೆರಡು ನಿಮಿಷ, ನಮ್ಮಲ್ಲಿ ಶಿವಮೊಗ್ಗಕ್ಕೆ ಹೋಗಿ ಕೆಲಸ ಮುಗಿಸಿ ಬಂದುಬಿಡಬಹುದು. ಇದಕ್ಕೆ ಹೆಸರಿಟ್ಟ ಫ್ರಾನ್ಸಿನ ಕ್ಯೂವಿಯರ್ 1823ರಲ್ಲಿ ಒಂದು ತಲೆಬುರುಡೆ ನೋಡಿ ಇದು ಯಾವತ್ತೋ ಅಳಿದು ಹೋದ ಪ್ರಾಣಿ ಅಂದ್ಕೊಂಡಿದ್ದ. ಪ್ರಾಣಿ ಆರಾಮಾಗಿ ಬದುಕಿತ್ತು, ಮೇಲೆ ಬಂದು ಮುಖ ತೋರಿಸೋದು ಕಮ್ಮಿ ಅಷ್ಟೇ.

ಇದನ್ನ ಹುಡುಕಲೇಬೇಕು ಅಂತ ಜನವರಿಯಿಂದ ಮಾರ್ಚ್ ತನಕ ಇದ್ದಬದ್ದ ಫೈಲ್ ಎಲ್ಲ ಜಾಲಾಡಿದೆ. ಒಂದೂ ಇಲ್ಲ. ಒಂದು ಟೇಬಲ್ ಮಾಡಿ ತೊಂಬತ್ತು ದಿನದ ಎದುರು ತೊಂಬತ್ತು ಸೊನ್ನೆ ಹಾಕಿದೆ. ಇದೇ ಕೆಲಸ ಮಾಡೋ ಪರಿಚಯದ ಒಬ್ರಿಗೆ ಹೆಮ್ಮೆಯಿಂದ ಕಳಿಸಿದೆ, ಇಲ್ಲಿ ಬೀಕ್ಡ್ ವೇಲ್ ಬರೋದೇ ಇಲ್ಲ ಅನ್ಸುತ್ತೆ ಅಂತ. ಅವರು ಒಂದೇ ಸಾಲು ಉತ್ತರ ಬರೆದ್ರು: ಫೈಲ್ ಎಷ್ಟು ಕಿಲೋಹರ್ಟ್ಸ್?

ಓದಿದ ತಕ್ಷಣ ಕಿವಿ ಬಿಸಿಯಾಯ್ತು. 16 ಕಿಲೋಹರ್ಟ್ಸ್ ದರದ ಫೈಲಲ್ಲಿ ಇರೋಕೆ ಸಾಧ್ಯ ಇರೋದು 8 ಕಿಲೋಹರ್ಟ್ಸ್ ತನಕದ ಶಬ್ದ ಮಾತ್ರ, ದರದ ಅರ್ಧ, ನೈಕ್ವಿಸ್ಟ್ ನಿಯಮ ಅಂತಾರೆ ಇದಕ್ಕೆ. ಸ್ಪರ್ಮ್ ವೇಲ್ ಕ್ಲಿಕ್ ದಪ್ಪ, ಅದರ ಕೆಳಗಿನ ಭಾಗ ಅಷ್ಟರೊಳಗೆ ಸಿಗ್ತದೆ, ಅದಕ್ಕೇ ನಂಗೆ ಅನುಮಾನ ಬರಲಿಲ್ಲ. ಕ್ಯೂವಿಯರ್ಸ್ ಕ್ಲಿಕ್ ಇರೋದು 40 ಕಿಲೋಹರ್ಟ್ಸ್ ಸುತ್ತ. ನಾನು ಮೂರು ತಿಂಗಳು ಹುಡುಕಿದ ಜಾಗದಲ್ಲಿ ಅದು ಇರೋಕೇ ಆಗ್ತಿರಲಿಲ್ಲ, ನೂರು ಪ್ರಾಣಿ ಹೈಡ್ರೋಫೋನ್ ಸುತ್ತ ಕುಣಿದಿದ್ರೂ ಟೇಬಲಲ್ಲಿ ಸೊನ್ನೆಯೇ. ಎರೆ ಹಾಕದೆ ಗಾಳ ಬಿಟ್ಟು ಹೊಳೇಲಿ ಮೀನೇ ಇಲ್ಲ ಅಂದ ಹಾಗಾಯ್ತು. ಬಾವಲಿಗೆ ಇದೇ ವಿಷಯ ತಲೇಲಿಟ್ಕೊಂಡು ಹೆಚ್ಚಿನ ದರದಲ್ಲಿ ರೆಕಾರ್ಡ್ ಮಾಡಿದೋನು ನಾನೇ, ಇಲ್ಲಿ ಬೇರೆಯವರು ಸಣ್ಣ ಮಾಡಿದ ಫೈಲ್ ತಗೊಂಡಿದ್ದಕ್ಕೆ ಮರೆತೆ. ಆವತ್ತಿಂದ ಸೊನ್ನೆ ಬರೆಯೋ ಕಾಲಂ ಎರಡು ಮಾಡಿದ್ದೀನಿ, ಒಂದು "ಕೇಳಿಸಲಿಲ್ಲ", ಇನ್ನೊಂದು "ಕೇಳೋ ಹಾಗಿರಲಿಲ್ಲ". ಹಡಗು ಹೋಗ್ತಿದ್ರೆ, ಗಾಳಿ ಜೋರಿದ್ರೆ, ಫೈಲ್ ದರ ಸಾಲದಿದ್ರೆ ಎಲ್ಲ ಎರಡನೇ ಕಾಲಂ.

ಆಮೇಲೆ ಅನಿವಾರ್ಯ, 256 ಕಿಲೋಹರ್ಟ್ಸಿನ ದೊಡ್ಡ ಫೈಲೇ ಬೇಕು. ಪೂರ್ತಿ ದಿನ ಇಳಿಸೋಕಾಗಲ್ಲ ಅಂತ ಗಂಟೆಗೆ ಒಂದು ಫೈಲಿನ ಹಾಗೆ ಆರಿಸಿದೆ, ದಿನಕ್ಕೆ 24 ಅಂದ್ರೆ 11 ಜಿಬಿ, ಅದೂ ವಾರಕ್ಕೆ ಎರಡು ದಿನದ್ದು. ಶಿವಮೊಗ್ಗದಲ್ಲಿ ನೆಂಟರ ಮನೇಲಿ ಇಂಟರ್ನೆಟ್ ಚೆನ್ನಾಗಿದೆ, ಹೋದಾಗೆಲ್ಲ ಹಾರ್ಡ್‌ಡಿಸ್ಕ್ ಹಿಡ್ಕೊಂಡು ಹೋಗ್ತೀನಿ, ಊಟಕ್ಕೆ ಬಂದ ನಾ ಡೌನ್‌ಲೋಡಿಗೆ ಬಂದ್ಯಾ ಅಂತಾರೆ. ಫೈಲ್ ಹೆಸರಿನ ಸಮಯ ಎಲ್ಲ ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಗಡಿಯಾರ, ಕ್ಯಾಲಿಫೋರ್ನಿಯಾಕ್ಕೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಅದನ್ನೂ ಒಂದ್ಸಲ ತಪ್ಪು ಮಾಡಿ ಹಗಲನ್ನ ರಾತ್ರಿ ಮಾಡಿದ್ದೆ, ಬಿಡಿ.

ಸ್ಪೆಕ್ಟ್ರೋಗ್ರಾಮ್ ವಿಂಡೋ (ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ನೋಡೋದು ಅನ್ನೋ ಅಳತೆ) ಕೂಡ ಬದಲಾಯಿಸಬೇಕು, ಇದನ್ನ ಯಾರೂ ಹೇಳಿರಲಿಲ್ಲ. ಸಾಮಾನ್ಯವಾಗಿ ಎಲ್ಲರೂ 1024 ಪಾಯಿಂಟ್ ಹಾಕ್ತಾರೆ, ಈ ದರದಲ್ಲಿ ಅದು 4 ಮಿಲಿಸೆಕೆಂಡ್, ಬೀಕ್ಡ್ ವೇಲ್ ಕ್ಲಿಕ್ ಇರೋದೇ 0.2 ಮಿಲಿಸೆಕೆಂಡ್, ಹಾಗಾಗಿ ಬರೀ ಒಂದು ಮಸಿ ಬಳಿದ ಹಾಗೆ ಕಾಣ್ತದೆ. 64ಕ್ಕೆ ಇಳಿಸಿದೆ, ಕಾಲು ಮಿಲಿಸೆಕೆಂಡ್, ಒಂದರ ಮೇಲೊಂದು ಹತ್ತಿರ ಹತ್ತಿರ ಸರಿಸಿದೆ. ಆಗ ಮಸಿಯೊಳಗಿಂದ ಆಕಾರ ಬಂತು, ಕೆಳಗಿಂದ ಮೇಲಕ್ಕೆ ಓರೆಯಾಗಿ ಏರೋ ಸಣ್ಣ ಗೆರೆ. ಅದೇ ಗುರುತು. ಡಾಲ್ಫಿನ್ ಕ್ಲಿಕ್ಕಲ್ಲಿ ಈ ಏರು ಇಲ್ಲ, ಅದು ಇನ್ನೂ ಗಿಡ್ಡ, ನೆಟ್ಟಗೆ ನಿಂತಿರ್ತದೆ. ಹತ್ತು ಪಟ್ಟು ನಿಧಾನ ಮಾಡಿದ್ರೆ 40 ಕಿಲೋಹರ್ಟ್ಸ್ 4 ಆಗ್ತದೆ, ನಮ್ಮ ಕಿವಿಗೂ ಬರ್ತದೆ, ತೆಳ್ಳಗೆ ಟ್ಸಿಪ್ ಅಂತದೆ.

ಆದ್ರೂ ಮೊದಲ "ಸಿಕ್ತು!" ಸುಳ್ಳಾಯ್ತು. 50 ಕಿಲೋಹರ್ಟ್ಸ್ ಹತ್ರ ಸಾಲು ಸಾಲು, ನೋಡಿ ಖುಷಿಯಾಗಿ ಮನೆಯವರಿಗೆಲ್ಲ ಹೇಳಿದೆ. ಅಂತರ ಅಳೆದ್ರೆ ಒಂದು ಕೂದಲೆಳೆ ಆಚೀಚೆ ಇಲ್ಲ, ನಲವತ್ತು ನಿಮಿಷ ಒಂದೇ ಸಮ. ಜೀವ ಇರೋ ಯಾವುದೂ ಹಾಗೆ ತಾಳ ಹಾಕೋದಿಲ್ಲ, ಮೇಲಿನ ಮನೆ ಅಕ್ಕನೂ ಹಾಕೋದಿಲ್ಲ. ಅದು ಯಾವುದೋ ದೋಣಿಯ ಎಕೋಸೌಂಡರ್, ಆಳ ನೋಡೋ ಯಂತ್ರ.

ನಿಜವಾದ್ದು ಅಂತ ನಾನು ನಂಬಿರೋದು ಸಿಕ್ಕಿದ್ದು ಅದಾಗಿ ಒಂದೂವರೆ ತಿಂಗಳಿಗೆ. ಹತ್ತು ನಿಮಿಷದ ಫೈಲಲ್ಲಿ ಹನ್ನೊಂದು ಸೆಕೆಂಡ್ ಅಷ್ಟೇ, ಇಪ್ಪತ್ತಾರು ಕ್ಲಿಕ್, ಅಂತರ 0.4 ಸೆಕೆಂಡ್ ಹತ್ರ, ಆದ್ರೆ ಒಂದೊಂದೂ ಚೂರು ಹಿಂದೆ ಮುಂದೆ, ಎಲ್ಲದಕ್ಕೂ ಆ ಓರೆ ಏರು. ಶುರುವಾಗುವಾಗ ಮೆತ್ತಗೆ, ನಡುವೆ ಜೋರು, ಮತ್ತೆ ಮೆತ್ತಗೆ, ಟಾರ್ಚ್ ಹಿಡಿದವ ಆಚೆಯಿಂದ ಈಚೆಗೆ ತಿರುಗಿದಾಗ ಬೆಳಕು ನಮ್ಮ ಮುಖದ ಮೇಲೆ ಹಾದು ಹೋಗ್ತದಲ್ಲ, ಹಾಗೆ. ಇವುಗಳ ಶಬ್ದದ ಕಿರಣ ಅಷ್ಟು ಸಣ್ಣ. ಮೇಲಾಗಿ ಈ ಶಬ್ದವನ್ನ ಸಮುದ್ರದ ನೀರೇ ಹೀರಿಬಿಡ್ತದೆ, ಕೆಲವು ಕಿಲೋಮೀಟರ್ ದಾಟೋದಿಲ್ಲ, ಸ್ಪರ್ಮ್ ವೇಲ್ ಆದ್ರೆ ಹತ್ತು ಕಿಲೋಮೀಟರ್ ಆಚೆಯಿಂದಲೂ ಕೇಳ್ತದೆ. ಅದೂ ಅಲ್ಲದೆ ಇದು ಮೇಲಿದ್ದಾಗ ಬಾಯಿ ಬಿಡೋದೇ ಇಲ್ಲ, ನೂರಾರು ಮೀಟರ್ ಇಳಿದ ಮೇಲೇ ಕ್ಲಿಕ್ ಶುರು, ಇವನ್ನ ಬೇಟೆಯಾಡೋ ಓರ್ಕಾಗಳಿಗೆ ಸುಳಿವು ಕೊಡಬಾರದು ಅಂತ ಇರಬೇಕು ಅನ್ನೋ ವಾದ ಇದೆ, ನಂಗೂ ಅದು ಸರಿ ಅನ್ಸುತ್ತೆ.

ಇದೆಲ್ಲ ಯಾಕೆ ಮಾಡ್ತೀಯ ಅಂತ ಕೇಳೋರಿಗೆ ನಾನು ಬಹಾಮಾಸ್ ಕಥೆ ಹೇಳ್ತೀನಿ. 2000ದ ಮಾರ್ಚಲ್ಲಿ ಅಲ್ಲಿ ಅಮೆರಿಕದ ನೌಕಾಪಡೆ ಸೋನಾರ್ (ನೀರೊಳಗೆ ಜೋರು ಶಬ್ದ ಬಿಟ್ಟು ಎಕೋ ಕೇಳಿ ಹುಡುಕೋ ಯಂತ್ರ) ಅಭ್ಯಾಸ ನಡೆಸಿದಾಗ ಬೀಕ್ಡ್ ವೇಲ್‌ಗಳು ದಡಕ್ಕೆ ಬಂದು ಬಿದ್ವು, 2002ರ ಸೆಪ್ಟೆಂಬರಲ್ಲಿ ಕ್ಯಾನರಿ ದ್ವೀಪಗಳಲ್ಲೂ ಹಾಗೇ ಆಯ್ತು, 2004ರಲ್ಲಿ ಸ್ಪೇನ್ ಸರ್ಕಾರ ಕ್ಯಾನರಿ ಸುತ್ತ ಆ ಸೋನಾರ್ ನಿಲ್ಲಿಸ್ತು. ಎಲ್ಲಿ ಸೋನಾರ್ ಬಿಡಬಾರದು ಅಂತ ಹೇಳ್ಬೇಕಂದ್ರೆ ಅವು ಎಲ್ಲಿವೆ ಅಂತ ಗೊತ್ತಿರಬೇಕು, ಕಣ್ಣಿಗೆ ಕಾಣದ ಪ್ರಾಣಿಯನ್ನ ಕಿವೀಲಿ ಹುಡುಕೋದು ಬಿಟ್ಟು ಬೇರೆ ದಾರಿ ಕಮ್ಮಿ. ಸೊಸೈಟಿಯ ಹಿರಿಯರು ಇದನ್ನ ಪೂರ್ತಿ ಕೇಳಿದ್ರು ಒಂದಿನ, ವಾಂತಿ ವಿಷಯ ಮತ್ತೆ ಎತ್ತಲಿಲ್ಲ.

ಶುರು ಮಾಡೋರು ಇದ್ರೆ ನನ್ನ ಹಾಗೆ ಪೀಜೋ ಬೆಸುಗೆ ಹಾಕೋದ್ರಿಂದಲೇ ಶುರು ಮಾಡಿ, ಅದರಿಂದ ತಿಮಿಂಗಿಲ ಸಿಗಲ್ಲ, ಆದ್ರೆ ಯಾವ ಶಬ್ದ ನೀರಿನದ್ದು ಯಾವುದು ವಯರಿನದ್ದು ಅಂತ ಕಿವಿಗೆ ಪಾಠ ಆಗ್ತದೆ. ಹೆಡ್‌ಫೋನಿಗೆ ದುಡ್ಡು ಸುರೀಬೇಡಿ, ಹಾರ್ಡ್‌ಡಿಸ್ಕಿಗೆ ಸುರೀರಿ, ಮತ್ತೆ ಅದನ್ನ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ, ನಂದೊಂದು ಬೂಷ್ಟು ಹಿಡಿದು ಹೋಗಿದೆ.

ಆ ಇಪ್ಪತ್ತಾರು ಕ್ಲಿಕ್ಕನ್ನ ನನಗೆ ಮಂಗಳಾರತಿ ಮಾಡಿದ್ದ ಅದೇ ಪರಿಚಯದವರಿಗೆ ಕಳಿಸಿದೆ. "ಕ್ಯೂವಿಯರ್ಸ್ ಇರಬಹುದು" ಅಂತ ಬರೆದಿದ್ದೆ, ಅವರು "ಇರಬಹುದು" ಅನ್ನೋದನ್ನ ಹಾಗೇ ಬಿಟ್ಟು ಪಕ್ಕದ ಎರಡು ಫೈಲೂ ತೆಗೆದು ನೋಡು ಅಂದಿದ್ದಾರೆ. ಗಂಟೆಗೊಂದು ಅಂತ ಆರಿಸಿದ್ದಕ್ಕೆ ಪಕ್ಕದ್ದು ನನ್ನ ಹತ್ರ ಇಲ್ಲ. ನಿನ್ನೆ ರಾತ್ರಿ ಡೌನ್‌ಲೋಡಿಗೆ ಹಾಕಿದೆ, ಒಂದು ಫೈಲ್ ಬಂತು, ಎರಡನೇದು ನೂರತ್ತು ಎಂಬಿಗೆ ನಿಂತಿದೆ, ಕರೆಂಟಿಲ್ಲ.